ಕೋಲಾರದ ಮೈಕು: ಚಪ್ಪಾಳೆ ಬೇರೆ, ಓಟು ಬೇರೆ

ಟೊಮ್ಯಾಟೊ ಬಾಕ್ಸಿಗೆ 15 ಕೆ.ಜಿ. ಎಂಬ ಲೆಕ್ಕವಿದೆ. ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುತ್ತಾರೆ. ಆದರೆ ಮೈಕಿನ ಮುಂದೆ ನಿಂತವರು ಸುರಿಯುವ ಮಾತಿಗೆ ಮಾತ್ರ ಕೋಲಾರ ಜಿಲ್ಲೆಯಲ್ಲಿ ತಕ್ಕಡಿ ಇಲ್ಲ. ಇರಬೇಕಿತ್ತು. ಯಾಕೆಂದರೆ ಈ ಊರಿನಲ್ಲಿ ಆಡಿದ ಮಾತು ಸೂರತ್ತಿನ ಕೋರ್ಟಿನವರೆಗೂ ದಿಲ್ಲಿಯ ಲೋಕಸಭೆಯವರೆಗೂ ಹೋಗಿ ಬಂದಿದೆ.

ಸಭೆ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಬರುವುದು ಒಂದೇ ಮಾತು: 'ಭಾಷಣ ಚೆನ್ನಾಗಿತ್ತಪ್ಪ.' ಯಾಕೆ ಚೆನ್ನಾಗಿತ್ತು ಅಂದರೆ ಹೇಳುವವರು ಕಡಿಮೆ. ಗಂಟು ಬಿಚ್ಚಿ ನೋಡಿದರೆ ಒಳಗಿರುವುದು ಮೂರು ನಾಲ್ಕು ಹಳೇ ಪಟ್ಟುಗಳು. ಪಕ್ಷ ಯಾವುದಾದರೂ ಪಟ್ಟು ಅವೇ.

ಪ್ರಶ್ನೆಯ ಪಟ್ಟು

2019ರ ಏಪ್ರಿಲ್ 13ರಂದು ಕೋಲಾರಕ್ಕೆ ಬಂದಿದ್ದ ರಾಹುಲ್ ಗಾಂಧಿ ಮೂರು ಹೆಸರುಗಳನ್ನು ಒಂದೇ ದಾರದಲ್ಲಿ ಪೋಣಿಸಿದರು. ನೀರವ್ ಮೋದಿ, ಲಲಿತ್ ಮೋದಿ, ನರೇಂದ್ರ ಮೋದಿ. ಕಳ್ಳರಿಗೆಲ್ಲ ಮೋದಿ ಎಂಬ ಹೆಸರೇ ಏಕೆ ಎಂದು ಕೇಳಿದರು.

ಇಲ್ಲಿನ ಚಮತ್ಕಾರ ಗಮನಿಸಬೇಕು. ಅವರು 'ಹೀಗಿದೆ' ಅನ್ನಲಿಲ್ಲ, 'ಯಾಕೆ ಹೀಗೆ' ಅಂದರು. ಪ್ರಶ್ನೆ ಕೇಳಿದರೆ ಉತ್ತರವನ್ನು ಕೇಳುವವನೇ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾನೆ. ತಾನೇ ಕಟ್ಟಿಕೊಂಡ ಉತ್ತರ ಬೇರೆಯವರು ಹೇಳಿದ್ದಕ್ಕಿಂತ ಗಟ್ಟಿ. ಮೂರು ಹೆಸರು ಒಟ್ಟಿಗೆ ಬಿದ್ದಾಗ ಜನ ನಗುತ್ತಾರೆ, ನಗುವವನು ಲೆಕ್ಕ ಕೇಳುವುದಿಲ್ಲ.

ಆದರೆ ಕೋರ್ಟು ನಗುವುದಿಲ್ಲ. ಅದು ಅಕ್ಷರ ಅಕ್ಷರ ಬಿಡಿಸಿ ಓದುತ್ತದೆ. 2023ರ ಮಾರ್ಚ್ 23ರಂದು ಸೂರತ್ ನ್ಯಾಯಾಲಯ ಎರಡು ವರ್ಷ ಶಿಕ್ಷೆ ವಿಧಿಸಿತು. ಮರುದಿನವೇ ಲೋಕಸಭಾ ಸದಸ್ಯತ್ವ ಹೋಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆಯೇ ಅದು ವಾಪಸು ಬಂದದ್ದು.

ಇಷ್ಟೆಲ್ಲ ಸದ್ದು ಮಾಡಿದ ಭಾಷಣ ಕೋಲಾರದಲ್ಲಿ ಗಳಿಸಿದ್ದೇನು? ಆ ಚುನಾವಣೆಯಲ್ಲಿ, ಏಳು ಸಲ ಗೆದ್ದಿದ್ದ ಕೆ.ಎಚ್. ಮುನಿಯಪ್ಪನವರು ಬಿಜೆಪಿಯ ಎಸ್. ಮುನಿಸ್ವಾಮಿ ಎದುರು ಎರಡು ಲಕ್ಷಕ್ಕೂ ಹೆಚ್ಚು ಓಟುಗಳಿಂದ ಸೋತರು.

ಹಾವನ್ನೇ ಹಾರ ಮಾಡುವುದು

ಎರಡನೆಯದು ಬೈಗುಳವನ್ನೇ ಬಂಡವಾಳ ಮಾಡಿಕೊಳ್ಳುವ ಪಟ್ಟು. 2023ರ ಏಪ್ರಿಲ್ ಕೊನೆಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ಪ್ರಧಾನಿಯನ್ನು ವಿಷದ ಹಾವಿಗೆ ಹೋಲಿಸಿದರು. ಆಮೇಲೆ, ತಾವು ಹೇಳಿದ್ದು ವ್ಯಕ್ತಿಯನ್ನಲ್ಲ, ಅವರ ಪಕ್ಷದ ಸಿದ್ಧಾಂತವನ್ನು ಎಂದು ಸಮಜಾಯಿಷಿ ಕೊಟ್ಟರು. ಅಷ್ಟರಲ್ಲಿ ಬಾಣ ಬಿಲ್ಲು ಬಿಟ್ಟಾಗಿತ್ತು.

ಏಪ್ರಿಲ್ 30ರಂದು ಕೋಲಾರಕ್ಕೆ ಬಂದ ನರೇಂದ್ರ ಮೋದಿ 'ನಾನು ಹಾವಲ್ಲ' ಎಂದು ವಾದಕ್ಕೆ ಇಳಿಯಲಿಲ್ಲ. ಹಾವು ಶಿವನ ಕೊರಳಿಗೆ ಶೋಭೆ, ನನಗೆ ಜನರೇ ಶಿವ ಎಂಬರ್ಥದ ಮಾತಾಡಿದರು. ಒಂದೇ ಏಟಿಗೆ ಮೂರು ಕೆಲಸವಾಯಿತು. ಬೈಗುಳ ಒಡವೆಯಾಯಿತು, ಎದುರಿಗೆ ಕೂತವರು ದೇವರಾದರು, ಬೈದವರು ದೇವರ ಒಡವೆಯನ್ನು ಹಳಿದಂತಾಯಿತು. ಅಂತರಗಂಗೆಯ ಕಾಶಿ ವಿಶ್ವೇಶ್ವರನಿಗೆ ಕೈಮುಗಿಯುವ ಊರಿನಲ್ಲಿ ಈ ಮಾತಿಗೆ ಚಪ್ಪಾಳೆ ಬೀಳದೆ ಇರುತ್ತದೆಯೇ?

ಈ ಪಟ್ಟು ಮೋದಿಯವರು ಕಂಡುಹಿಡಿದದ್ದೇನಲ್ಲ. 1971ರಲ್ಲಿ ವಿರೋಧಿಗಳು 'ಇಂದಿರಾ ಹಠಾವೋ' ಅಂದಾಗ ಇಂದಿರಾ ಗಾಂಧಿ ಅದೇ 'ಹಠಾವೋ' ಎತ್ತಿಕೊಂಡು 'ಗರೀಬಿ ಹಠಾವೋ' ಮಾಡಿದರು. ಎದುರಾಳಿಯ ಕೋಲಿನಿಂದಲೇ ಎದುರಾಳಿಗೆ ಏಟು. ಅವರ ಪಕ್ಷಕ್ಕೆ 352 ಸೀಟು ಬಂತು. ಆಗಿನ ಮೈಸೂರು ರಾಜ್ಯದ 27ಕ್ಕೆ 27 ಸೀಟೂ ಅವರಿಗೇ.

ಹಾಗಾದರೆ 2023ರಲ್ಲಿ ಹಾವಿನ ಹಾರಕ್ಕೆ ಅದೇ ಫಲ ಸಿಗಲಿಲ್ಲವೇಕೆ? ಮೇ 13ರಂದು ಪ್ರಕಟವಾದ ಫಲಿತಾಂಶದಲ್ಲಿ ಜಿಲ್ಲೆಯ ಆರು ಕ್ಷೇತ್ರಗಳ ಪೈಕಿ ಕಾಂಗ್ರೆಸ್ಸಿಗೆ ನಾಲ್ಕು, ಜೆಡಿಎಸ್ಸಿಗೆ ಎರಡು, ಬಿಜೆಪಿಗೆ ಸೊನ್ನೆ. ಕಾರಣ ಕಷ್ಟದ್ದೇನಲ್ಲ. 'ಗರೀಬಿ' ಎಂಬ ಮಾತು ಕೇಳುವವನ ಮನೆಯದ್ದು. ಹಾವು, ಹಾರ ಎರಡೂ ಹೇಳುವವನದ್ದು. ಭಾಷಣ ಕೇಳಿದವನು ಖುಷಿಪಟ್ಟ, ಆದರೆ ಮನೆಗೆ ಒಯ್ಯಲು ಅವನ ಕೈಗೆ ಏನೂ ಸಿಗಲಿಲ್ಲ.

ಹೆಸರು ಹಿಡಿದು ಕರೆದರೆ

ಮನೆಗೆ ಒಯ್ಯುವ ಮಾತು ಕೊಟ್ಟವರು ಸಿದ್ದರಾಮಯ್ಯ. 'ಮಹದೇವಪ್ಪ ನಿನಗೂ ಫ್ರೀ, ಕಾಕಾ ಪಾಟೀಲ್ ನಿನಗೂ ಫ್ರೀ' ಎಂಬ ಮಾತು ಮಕ್ಕಳ ಬಾಯಿಗೂ ಬಂತು. ಗೇಲಿ ಮಾಡಲು ಹೊರಟ ಬಿಜೆಪಿಯವರೇ ಅದನ್ನು ಹೆಚ್ಚು ಸಲ ಹೇಳಿ ಪ್ರಚಾರ ಕೊಟ್ಟರು. 'ಅರ್ಹ ಫಲಾನುಭವಿಗಳಿಗೆ' ಅಂದರೆ ಯಾರಿಗೋ ಅನ್ನಿಸುತ್ತದೆ. ಒಬ್ಬನ ಹೆಸರು ಹಿಡಿದು 'ನಿನಗೂ' ಅಂದರೆ, ಪಕ್ಕದಲ್ಲಿ ಕೂತವನು 'ಹಾಗಾದರೆ ನನಗೂ' ಅಂದುಕೊಳ್ಳುತ್ತಾನೆ. ಜೊತೆಗೆ 200 ಯೂನಿಟ್, 2000 ರೂಪಾಯಿ, 10 ಕಿಲೋ ಎಂಬ ಬೆರಳೆಣಿಕೆಯ ಲೆಕ್ಕ. ಸಹಿ ಮಾಡಿದ ಗ್ಯಾರಂಟಿ ಕಾರ್ಡು ಬೇರೆ.

ಈ ಪಟ್ಟು ಗೆದ್ದಿತು. ಆದರೆ 'ನಿನಗೂ' ಎಂಬ ಮಾತಿಗೆ ಒಂದು ಬಾಲ ಇತ್ತು. ಅದು ಮೈಕಿನಲ್ಲಿ ಜೋರಾಗಿ ಕೇಳಿಸಿರಲಿಲ್ಲ, ಆದೇಶ ಬಂದಾಗ ಕಂಡಿತು.

ಗೃಹಜ್ಯೋತಿ ಮನೆಯ ಮೀಟರಿಗೆ, ಅಂಗಡಿಯ ಮೀಟರಿಗಲ್ಲ. ಮನೆಯಲ್ಲೂ ಎಲ್ಲರಿಗೂ ಪೂರಾ 200 ಯೂನಿಟ್ ಅಲ್ಲ. 2023ರ ಆದೇಶದಲ್ಲಿ ಇದ್ದದ್ದು ಹಿಂದಿನ ವರ್ಷದ ಸರಾಸರಿಗೆ ಶೇಕಡ 10 ಸೇರಿಸಿದಷ್ಟು. ಗೃಹಲಕ್ಷ್ಮಿಯ 2000 ರೂಪಾಯಿ, ಗಂಡ ಜಿಎಸ್‌ಟಿ ರಿಟರ್ನ್ ಹಾಕುವವನಾದರೆ ಹೆಂಡತಿಗೆ ಇಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ, ರಾಜ್ಯದ ಒಳಗೆ ಮಾತ್ರ. ಖಾಸಗಿ ಬಸ್ಸು ಹತ್ತಿದ ಹೆಂಗಸಿಗೂ, ಕೆಜಿಎಫ್‌ನಿಂದ ಕುಪ್ಪಂಗೆ ಹೋಗುವ ಹೆಂಗಸಿಗೂ ಟಿಕೆಟ್ಟೇ ಗತಿ. 10 ಕಿಲೋ ಅಕ್ಕಿಯಲ್ಲಿ ಐದು ಕಿಲೋಗೆ ಮೊದಲು ಅಕ್ಕಿಯೇ ಸಿಗಲಿಲ್ಲ. ತಲೆಗೆ 170 ರೂಪಾಯಿಯಂತೆ ದುಡ್ಡು ಬಂತು.

ಯೋಜನೆಯೇ ಸುಳ್ಳು ಎಂದು ಇದರ ಅರ್ಥವಲ್ಲ. ಬಸ್ಸಿನಲ್ಲಿ ಕಾಸಿಲ್ಲದೆ ಕೆಲಸಕ್ಕೆ ಹೋಗಿಬಂದ ಹೆಂಗಸರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಮಾತಿನ ಅಳತೆ ಬೇರೆ, ಆದೇಶದ ಅಳತೆ ಬೇರೆ.

ಕೋಲಾರದವರಿಗೆ ಈ ಬಾಲದ ಪಾಠ ಮೊದಲೇ ಆಗಿತ್ತು. 2023ರ ಜನವರಿ 9ರಂದು ಸಿದ್ದರಾಮಯ್ಯನವರು ಇದೇ ಊರಿನಲ್ಲಿ, ಕೋಲಾರದಿಂದಲೇ ಸ್ಪರ್ಧೆ ಎಂದು ಘೋಷಿಸಿದರು. ಪಟಾಕಿಯಂಥ ಮಾತು. 'ಹೈಕಮಾಂಡ್ ಒಪ್ಪಿದರೆ' ಎಂಬುದು ಅದರ ಬಾಲ. ಮಾರ್ಚಿನಲ್ಲಿ ಪಟ್ಟಿ ಬಂದಾಗ ಅವರ ಹೆಸರು ವರುಣದ ಎದುರಿಗಿತ್ತು.

ಆಡದೆ ಉಳಿದ ಮಾತು

ಆಡಿದ ಮಾತಿಗಿಂತ ಆಡದೆ ಉಳಿಸುವುದು ಇನ್ನೂ ದೊಡ್ಡ ಪಟ್ಟು. ಮೋದಿ ಹೆಸರು, ಹಾವು ಇವೇ ಊರೂರಿನ ಸುದ್ದಿಯಾದವು. ಕೋಲಾರದ ಸಮಸ್ಯೆ ನೀರಿನದು. 2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಇಲ್ಲಿನ ಕೆರೆಗಳಿಗೆ ಬಂತು. ಮೂರನೇ ಹಂತವೂ ಆಗಲಿ ಎಂದು ರೈತ ಸಂಘಟನೆಗಳು ಕೂಗುತ್ತಲೇ ಬಂದಿವೆ. ಕುಡಿಯುವ ನೀರಿಗೆಂದು ಎತ್ತಿನಹೊಳೆಗೆ ಅಡಿಗಲ್ಲು ಬಿದ್ದದ್ದು 2014ರಲ್ಲಿ. ಅದರ ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರಿನಲ್ಲಿ, ಅದೂ ದೂರದ ಸಕಲೇಶಪುರದ ಬಳಿ. ಹತ್ತು ವರ್ಷದಲ್ಲಿ ಎಷ್ಟು ಮೈಕು ಬಂದು ಹೋದವೋ.

ಜನ ದಡ್ಡರು, ಮಾತಿಗೆ ಮರುಳಾಗುತ್ತಾರೆ ಎಂಬುದು ಪಟ್ಟಣದ ಪಂಡಿತರ ಹಳೇ ರಾಗ. ಕೋಲಾರದ ಲೆಕ್ಕ ಹಾಗೆ ಹೇಳುವುದಿಲ್ಲ. 2019ರಲ್ಲಿ ಒಬ್ಬರಿಗೆ ಚಪ್ಪಾಳೆ ತಟ್ಟಿ ಓಟು ಇನ್ನೊಬ್ಬರಿಗೆ ಹಾಕಿದರು. 2023ರಲ್ಲಿ ಅದನ್ನೇ ತಿರುಗಿಸಿ ಮಾಡಿದರು. 2024ರ ಲೋಕಸಭೆಗೆ ಬಿಜೆಪಿ ಜೊತೆಗೂಡಿದ್ದ ಜೆಡಿಎಸ್‌ನ ಮಲ್ಲೇಶ್ ಬಾಬು ಅವರನ್ನು ಕಳಿಸಿದರು. ಚಪ್ಪಾಳೆ ಪುಕ್ಕಟೆ, ಓಟು ಪುಕ್ಕಟೆಯಲ್ಲ ಎಂಬುದು ಇಲ್ಲಿನವರಿಗೆ ಗೊತ್ತು.

ಇನ್ನು ಕಲಿಯಬೇಕಾದ್ದು ಒಂದೇ. ಅಂಗಡಿಗೆ ಬಂದ ಏಜೆಂಟ್ 'ಸ್ಕೀಮ್ ಇದೆ ಅಣ್ಣ' ಅಂದರೆ ವ್ಯಾಪಾರಸ್ಥ ತಕ್ಷಣ ಕೇಳುತ್ತಾನೆ: 'ಯಾವ ತಾರೀಖಿನವರೆಗೆ? ಎಷ್ಟು ಮಾಲಿಗೆ? ಬರೆದು ಕೊಡ್ತೀಯಾ?' ಇದೇ ಪ್ರಶ್ನೆಗಳನ್ನು ಮುಂದಿನ ಸಲ ಮೈಕಿನ ಮುಂದೆ ನಿಂತವರಿಗೂ ಕೇಳಲಿ. 'ನಿನಗೂ' ಅಂದರೆ 'ಅಂಗಡಿ ಮೀಟರಿಗೂ ಇದೆಯಾ ಸ್ವಾಮಿ?' ಅನ್ನಲಿ. ಶಿವನ ಕೊರಳು ಅಂದರೆ 'ಸರಿ, ಕೆರೆಗೆ ಮೂರನೇ ಹಂತ ಯಾವಾಗ?' ಅನ್ನಲಿ. ಭಾಷಣಕಾರ ಅಲ್ಲಿ ತಡವರಿಸಿದರೆ ಅವನ ಮಾತಿನ ತೂಕ ಎಷ್ಟೆಂದು ಅಲ್ಲಿಯೇ ತಿಳಿಯುತ್ತದೆ.