ಟ್ರ್ಯಾಕ್ಟರಿನ ಗಣಕ ತಿದ್ದಿಸಿದರೆ ಅಶ್ವಶಕ್ತಿ ಹೆಚ್ಚೀತೇ?

ಬೆಂಗಳೂರು, ಪುಣೆಯಂಥ ಪಟ್ಟಣಗಳಲ್ಲಿ ಟರ್ಬೊ ಕಾರು ಇಟ್ಟುಕೊಂಡ ಯುವಕರಲ್ಲಿ ಒಂದು ಹವ್ಯಾಸ ಹಲವು ವರ್ಷಗಳಿಂದ ನಡೆದುಬಂದಿದೆ. ಎಂಜಿನ್ನನ್ನು ಬಿಚ್ಚದೆ, ಒಂದು ನಟ್ಟನ್ನೂ ಸಡಿಲಿಸದೆ, ಅದರೊಳಗಿನ ಗಣಕಕ್ಕೆ ತಂತಿ ಜೋಡಿಸಿ ಲೆಕ್ಕಪಟ್ಟಿಯನ್ನು ಬದಲಾಯಿಸಿ ಹೆಚ್ಚು ಅಶ್ವಶಕ್ತಿ ಪಡೆಯುವುದು. ಇದಕ್ಕೆ ರೀಮ್ಯಾಪ್ ಎಂದು ಹೆಸರು. ಕಾರಿನ ವ್ಯವಹಾರ ಕಾರಿನವರಿಗೆ ಎಂದು ಸುಮ್ಮನಿರಬಹುದಾಗಿತ್ತು. ಆದರೆ ಅದೇ ಬಗೆಯ ಗಣಕ ಈಗ ಟ್ರ್ಯಾಕ್ಟರಿನಲ್ಲಿಯೂ ಬಂದು ಕುಳಿತಿದೆ. ಶಿರವಾಳದ ಎರೆ ಹೊಲದಲ್ಲಿ ಪಲ್ಟಿ ಹೊಡೆಯುವವರೂ, ಶಹಾಪುರ, ಸುರಪುರ ತಾಲ್ಲೂಕುಗಳ ಕಾಲುವೆ ಭಾಗದಲ್ಲಿ ಭತ್ತದ ಗದ್ದೆ ಕೆಸರು ಮಾಡುವವರೂ "ನಮ್ಮ ಗಾಡಿಗೂ ಮಾಡಿಸಬಹುದೇನ್ರಿ ಸಾಹೇಬ್ರ?" ಎಂದು ಕೇಳತೊಡಗಿದ್ದಾರೆ. ಹತ್ತು ಲಕ್ಷದ ಆಸುಪಾಸಿನ ಸಾಲದ ಯಂತ್ರದ ಪ್ರಶ್ನೆ ಇದು. ಆದ್ದರಿಂದ ವಿಷಯವನ್ನು ಬುಡದಿಂದ ನೋಡುವುದು ಒಳ್ಳೆಯದು.

ಹಿಂದಿನ ಟ್ರ್ಯಾಕ್ಟರುಗಳಲ್ಲಿ ಡೀಸೆಲ್ ಎಷ್ಟು ಹೋಗಬೇಕೆಂಬುದನ್ನು ಪಂಪೇ ನಿರ್ಧರಿಸುತ್ತಿತ್ತು. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಕಂಪನಿಯ ಪಂಪು ನಿಮಗೆಲ್ಲ ಚಿರಪರಿಚಿತ. ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾಯಿತಾದರೂ ನಮ್ಮ ಮಿಸ್ತ್ರಿಗಳ ಬಾಯಲ್ಲಿ ಅದು ಇಂದಿಗೂ ಮೈಕೋ ಪಂಪೇ. ಆ ಪಂಪಿನ ಸ್ಕ್ರೂ ತಿರುವಿ ಡೀಸೆಲ್ ಹೆಚ್ಚಿಸುವ ವಿದ್ಯೆ ಹೊಸದೇನಲ್ಲ. ಸೀಲು ಒಡೆದು ಸ್ಕ್ರೂ ತಿರುವಿದ ಗಾಡಿಯನ್ನು ಅದು ಬಿಡುವ ಕರಿ ಹೊಗೆಯಿಂದಲೇ ದೂರದಿಂದ ಗುರುತಿಸಬಹುದು.

2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಎಂಬ ಹೊಗೆ ನಿಯಮ ಜಾರಿಗೆ ಬಂದಿತು. ಆ ನಿಯಮಕ್ಕೆ ಹೊಂದಿಸಲು ತಯಾರಕರು ಈ ದೊಡ್ಡ ಎಂಜಿನ್ನುಗಳಿಗೆ ಸಾಮಾನ್ಯವಾಗಿ ಕಾಮನ್ ರೈಲ್ ಪದ್ಧತಿಯನ್ನೂ, ಅದನ್ನು ನಡೆಸುವ ಗಣಕವನ್ನೂ ಅಳವಡಿಸಿದರು. 50ರ ಒಳಗಿನವಕ್ಕೆ ಹಳೆಯ ನಿಯಮವೇ ಮುಂದುವರಿಯಿತು. ಪೇಟೆಯಲ್ಲಿ 49, 49.5 ಅಶ್ವಶಕ್ತಿಯ ಮಾದರಿಗಳು ಅಷ್ಟೊಂದು ಕಾಣಿಸುವುದರ ಗುಟ್ಟು ಇದೇ. ಹೀಗಾಗಿ ನಿಮ್ಮಲ್ಲಿ ಬಹುಮಂದಿಯ ಗಾಡಿಯಲ್ಲಿ ತಿದ್ದಿಸಲು ಗಣಕವೇ ಇಲ್ಲದಿರಬಹುದು. ಅಂಥ ಗಾಡಿಯನ್ನು "ಮ್ಯಾಪ್ ಮಾಡಿಕೊಡುತ್ತೇನೆ" ಎಂದು ಯಾರಾದರೂ ಬಂದರೆ, ಆತ ಮಾಡುವುದು ಅದೇ ಹಳೆಯ ಸ್ಕ್ರೂ ಕೆಲಸ; ಹೆಸರು ಮಾತ್ರ ಹೊಸದು.

ಗಣಕದೊಳಗೆ ಇರುವುದಾದರೂ ಏನು? ದೊಡ್ಡ ದೊಡ್ಡ ಕೋಷ್ಟಕಗಳು. ಎಂಜಿನ್ನು ಇಷ್ಟು ಸುತ್ತು ತಿರುಗುವಾಗ, ಗಾಳಿ ಇಷ್ಟು ಬರುತ್ತಿರುವಾಗ, ನೀರು ಇಷ್ಟು ಬಿಸಿ ಇರುವಾಗ ಎಷ್ಟು ಡೀಸೆಲ್ಲನ್ನು, ಯಾವ ಗಳಿಗೆಯಲ್ಲಿ, ಎಷ್ಟು ಒತ್ತಡದಿಂದ ಸಿಂಪಡಿಸಬೇಕೆಂಬ ಲೆಕ್ಕ ಅದರಲ್ಲಿದೆ. ಟರ್ಬೊ ಎಂದರೆ ಹೊಗೆಯ ವೇಗದಿಂದಲೇ ತಿರುಗಿ ಎಂಜಿನ್ನಿಗೆ ಗಾಳಿ ತುರುಕುವ ಪುಟ್ಟ ಚಕ್ರ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ ಎಂಬ ಎಂಜಿನಿಯರು 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಗಾಳಿ ಹೆಚ್ಚು ಸಿಕ್ಕರೆ ಡೀಸೆಲ್ ಹೆಚ್ಚು ಸುಡಬಹುದು, ಸುಟ್ಟಷ್ಟು ಶಕ್ತಿ. ಆದ್ದರಿಂದಲೇ ಟರ್ಬೊ ಎಂಜಿನ್ನಿನಲ್ಲಿ ಕೋಷ್ಟಕ ತಿದ್ದಿದರೆ ಫಲ ಎದ್ದು ಕಾಣುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಹೊಗೆಯೇ ಹೆಚ್ಚು.

ಶಕ್ತಿ ಹೆಚ್ಚುತ್ತದೆ ಎಂಬ ಮಾತು ಸುಳ್ಳಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. 55 ಅಶ್ವಶಕ್ತಿಯ ಎಂಜಿನ್ನನ್ನು 66ಕ್ಕೆ ಏರಿಸುವುದು ಗಣಕದ ಮಟ್ಟಿಗೆ ಕಷ್ಟದ ಮಾತಲ್ಲ. ಒಂದೇ ಎಂಜಿನ್ನನ್ನು ತಯಾರಕರೇ ಎರಡು ಮೂರು ಅಶ್ವಶಕ್ತಿಗಳಲ್ಲಿ ಮಾರುವುದೂ ಉಂಟು. "ಕಂಪನಿಯವರು ಬೀಗ ಹಾಕಿಟ್ಟಿದ್ದಾರೆ, ನಾನು ಬೀಗ ತೆಗೆಯುತ್ತೇನೆ" ಎಂಬ ಮಾತು ರೈತನಿಗೆ ನಾಟುವುದು ಇದರಿಂದಲೇ. ಆದರೆ ಹೆಚ್ಚು ಶಕ್ತಿಯ ಮಾದರಿಯಲ್ಲಿ ರೇಡಿಯೇಟರು, ಕ್ಲಚ್ಚು, ಟರ್ಬೊ, ಗೇರುಪೆಟ್ಟಿಗೆ, ಒಮ್ಮೊಮ್ಮೆ ಪಿಸ್ಟನ್ ಸಹ ಬೇರೆ ಇರಬಹುದು. ಬ್ಲಾಕು ಒಂದೇ ಇದ್ದ ಮಾತ್ರಕ್ಕೆ ಗಾಡಿ ಒಂದೇ ಆಗದು.

ಇನ್ನು ಕಾರಿಗೂ ಟ್ರ್ಯಾಕ್ಟರಿಗೂ ಇರುವ ವ್ಯತ್ಯಾಸ. ಇಡೀ ವಿಷಯದ ತಿರುಳು ಇಲ್ಲಿದೆ. ಕಾರಿನವನು ತನ್ನ ಎಂಜಿನ್ನಿನ ಪೂರ್ಣ ಶಕ್ತಿಯನ್ನು ಬಳಸುವುದು ಮುಂದಿನ ಲಾರಿಯನ್ನು ದಾಟುವ ಹತ್ತು ಹದಿನೈದು ಸೆಕೆಂಡು ಮಾತ್ರ. ಉಳಿದ ವೇಳೆಯೆಲ್ಲ ಎಂಜಿನ್ನು ಅರೆ ಭಾರದಲ್ಲಿ ತಂಪಾಗಿ ಓಡುತ್ತದೆ. ನಿಮ್ಮ ಟ್ರ್ಯಾಕ್ಟರು ಹಾಗಲ್ಲ. ರೋಟವೇಟರ್ ಕಟ್ಟಿದರೆ ಬೆಳಗಿನ ಆರಕ್ಕೆ ಏರಿದ ಭಾರ ಊಟದ ಹೊತ್ತಿನವರೆಗೆ ಇಳಿಯುವುದಿಲ್ಲ. ಎಂಜಿನ್ನಿಗೆ ಹಾಕಿದ ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಮಿಕ್ಕ ಎರಡು ಪಾಲು ಬಿಸಿಯಾಗಿ ಹೊಗೆಕೊಳವೆಯಿಂದಲೂ ರೇಡಿಯೇಟರಿನಿಂದಲೂ ಹೊರಬೀಳಬೇಕು. ಶಕ್ತಿ ಐದರಲ್ಲೊಂದು ಪಾಲು ಹೆಚ್ಚಿದರೆ ಈ ಬಿಸಿಯೂ ಅಷ್ಟೇ ಹೆಚ್ಚುತ್ತದೆ, ರೇಡಿಯೇಟರು ಮಾತ್ರ ಇದ್ದಷ್ಟೇ ಇರುತ್ತದೆ. ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ತೆಳುವಾದದ್ದು, ಒಂದೇ ಗಾತ್ರದಲ್ಲಿ ಅದರ ತೂಕ ಕಡಿಮೆ. ಅದರ ಮೇಲೆ ತೊಗರಿ ರಾಶಿಯ ಧೂಳು, ಹತ್ತಿ ಹೊಲದ ಧೂಳು ಏರ್ ಕ್ಲೀನರನ್ನು ಕಟ್ಟಿಹಾಕುತ್ತದೆ. ಗಾಳಿ ಕಡಿಮೆ, ಡೀಸೆಲ್ ಹೆಚ್ಚು ಎಂದಾಗ ಸಿಲಿಂಡರಿನಿಂದ ಹೊರಡುವ ಹೊಗೆಯ ಉಷ್ಣತೆ ಏರುತ್ತದೆ. ಮೊದಲು ಪೆಟ್ಟು ತಿನ್ನುವುದು ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗುವ ಟರ್ಬೊ; ಅದರ ಬೇರಿಂಗಿಗೆ ಆಯಿಲ್ ಒಂದೇ ಆಧಾರ. ಬಳಿಕ ಪಿಸ್ಟನ್ನಿನ ತಲೆ, ಹೆಡ್ ಗ್ಯಾಸ್ಕೆಟ್ಟು. ತಯಾರಕರು ಉಳಿಸಿಟ್ಟಿದ್ದ ಅಂತರ ಇಂಥ ದಿನಕ್ಕೆಂದೇ ಹೊರತು ನಿಮ್ಮಿಂದ ಮುಚ್ಚಿಟ್ಟ ಗಂಟಲ್ಲ.

ಡೀಸೆಲ್ ಲೆಕ್ಕ ನೋಡಿ. 55 ಅಶ್ವಶಕ್ತಿಯ ಎಂಜಿನ್ನು ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು 12 ಲೀಟರು ಕುಡಿಯುತ್ತದೆ. 66ಕ್ಕೆ ಏರಿಸಿದರೆ ಹದಿನಾಲ್ಕೂವರೆ. ಲೀಟರಿಗೆ 90 ರೂಪಾಯಿ ಹಿಡಿದರೂ ಗಂಟೆಗೆ 200 ರೂಪಾಯಿಗೂ ಮೇಲೆ ಹೆಚ್ಚಿನ ಖರ್ಚು. "ಶಕ್ತಿಯೂ ಹೆಚ್ಚು, ಮೈಲೇಜೂ ಹೆಚ್ಚು" ಎಂದು ಒಂದೇ ಉಸಿರಿಗೆ ಹೇಳುವವನನ್ನು ನಂಬಬೇಡಿ. ಹೆಚ್ಚು ಕೆಲಸ ನಡೆದರೆ ಎಕರೆಗೆ ಬೀಳುವ ಖರ್ಚು ಅಷ್ಟೇ ಉಳಿಯಬಹುದು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಹಾಗಾದರೆ ಆ ಹೆಚ್ಚಿನ ಶಕ್ತಿ ಹೊಲದಲ್ಲಿ ಕೆಲಸವಾಗುತ್ತದೆಯೇ ಎಂಬುದನ್ನು ನೋಡೋಣ.

ಒಂದು ಅಶ್ವಶಕ್ತಿ ಎಂದರೆ 75 ಕಿಲೋ ತೂಕವನ್ನು ಒಂದು ಸೆಕೆಂಡಿಗೆ ಒಂದು ಮೀಟರು ಎತ್ತುವ ಶಕ್ತಿ. 2,200 ಕಿಲೋ ತೂಕದ ಟ್ರ್ಯಾಕ್ಟರು ಉತ್ತ ನೆಲದಲ್ಲಿ ತನ್ನ ತೂಕದ ಸುಮಾರು ಅರ್ಧದಷ್ಟು, ಅಂದರೆ 1,100 ಕಿಲೋದಷ್ಟು ಮಾತ್ರ ಎಳೆಯಬಲ್ಲದು. ಗಂಟೆಗೆ 5 ಕಿ.ಮೀ. ವೇಗದಲ್ಲಿ ಈ ಎಳೆತಕ್ಕೆ ಬೇಕಾಗುವುದು ಸುಮಾರು 20 ಅಶ್ವಶಕ್ತಿ. ಗಾಲಿ ಜಾರುವ ನಷ್ಟ, ಉರುಳುವ ನಷ್ಟ, ಗೇರಿನ ನಷ್ಟಗಳನ್ನೆಲ್ಲ ಸೇರಿಸಿದರೂ ಎಂಜಿನ್ನಿನ ಮೇಲೆ ಬೀಳುವುದು 35ರ ಆಸುಪಾಸು. ಅಂದರೆ 55ರಲ್ಲಿಯೇ 20 ಕೆಲಸವಿಲ್ಲದೆ ಕುಳಿತಿದೆ! ಪಲ್ಟಿ ನೇಗಿಲು ಎಳೆಯಲಾರದೆ ಗಾಲಿ ಗಿರಗಿರನೆ ತಿರುಗುತ್ತಿದ್ದರೆ ಕೊರತೆ ಇರುವುದು ತೂಕದ್ದು, ಹಿಡಿತದ್ದು, ಎಂಜಿನ್ನಿನದಲ್ಲ. ಅಂಥ ಗಾಡಿಗೆ ಇನ್ನೂ 11 ಅಶ್ವಶಕ್ತಿ ತುಂಬಿದರೆ ಗಾಲಿ ಇನ್ನಷ್ಟು ಜೋರಾಗಿ ಜಾರುತ್ತದೆ, ಟೈರು ಸವೆಯುತ್ತದೆ. ಅಷ್ಟೇ ಲಾಭ.

ಪಿ.ಟಿ.ಓ. ಕೆಲಸ ಬೇರೆ. ರೋಟವೇಟರಿಗೆ ಶಕ್ತಿ ನೇರವಾಗಿ ಹೋಗುವುದರಿಂದ ಅಲ್ಲಿ ಹೆಚ್ಚಿನ ಶಕ್ತಿ ಕೆಲಸವಾಗುವುದು ನಿಜ. ಆದರೆ ಪೂರ್ಣ ಭಾರ ಗಂಟೆಗಟ್ಟಲೆ ಬೀಳುವ, ಎಂಜಿನ್ನು ಕಾಯುವ ಕೆಲಸವೂ ಅದೇ. ಎಲ್ಲಿ ಪ್ರಯೋಜನವೋ ಅಲ್ಲಿಯೇ ಅಪಾಯ. ಟ್ರೇಲರಿಗೆ ಹೆಚ್ಚು ಹೇರಲು ಶಕ್ತಿ ಬೇಕೆನ್ನುವವರು ಒಂದು ಮಾತು ನೆನಪಿಡಬೇಕು: ಗಣಕ ತಿದ್ದಿದವನು ಬ್ರೇಕನ್ನು ತಿದ್ದಿರುವುದಿಲ್ಲ.

ಕೆಲವು ಮಾದರಿಗಳಲ್ಲಿ ಮಸಿ ಹಿಡಿಯುವ ಜರಡಿಯೂ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ತಿರುಗಿಸುವ ಕವಾಟವೂ ಇವೆ. ಡೀಸೆಲ್ ಹೆಚ್ಚಿಸಿದಾಗ ಮಸಿ ಹೆಚ್ಚಿ ಜರಡಿ ಕಟ್ಟಿಕೊಳ್ಳುತ್ತದೆ. ಆಮೇಲೆ ಅದನ್ನೂ ಕಿತ್ತುಹಾಕಿ ಗಣಕಕ್ಕೆ ಸುಳ್ಳು ಹೇಳಿಸಬೇಕಾಗುತ್ತದೆ. ಅಮೆರಿಕದ ಪರಿಸರ ಸಂಸ್ಥೆಯ 2020ರ ವರದಿಯ ಪ್ರಕಾರ ಅಲ್ಲಿ ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ ಗಾಡಿಗಳಿಂದ ಇಂಥ ಭಾಗಗಳನ್ನು ತೆಗೆಸಲಾಗಿತ್ತು. ಗಣಕಕ್ಕೆ ಸುಳ್ಳು ಕಲಿಸಿದವರಲ್ಲಿ ದೊಡ್ಡ ಕಂಪನಿಯೂ ಇದೆ. ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ಕಡಿಮೆ ತೋರಿಸುವ ಲೆಕ್ಕವನ್ನು ಡೀಸೆಲ್ ಕಾರುಗಳ ಗಣಕದಲ್ಲಿ ಬರೆದಿಟ್ಟ ಫೋಕ್ಸ್‌ವ್ಯಾಗನ್ 2015ರ ಸೆಪ್ಟೆಂಬರಿನಲ್ಲಿ ಸಿಕ್ಕಿಬಿದ್ದಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳು. ಭಾರತದಲ್ಲಿ 3 ಲಕ್ಷ 23 ಸಾವಿರಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2019ರ ಮಾರ್ಚಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ದೊಡ್ಡವರಿಗೆ ಮೆಟ್ಟಿಲೇರುವ ಶಕ್ತಿಯಾದರೂ ಇದೆ.

ಕಾಯಿದೆಯ ಮಾತು ಹೀಗಿದೆ. ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಶಿಕ್ಷೆ ಮಾಲೀಕನಿಗೆ ಎಂಬುದನ್ನು ಗಮನಿಸಿ. ಹಣ ಎಣಿಸಿಕೊಂಡು ಹೋದವನು ಆ ಹೊತ್ತಿಗೆ ಬೇರೆ ಊರಿನಲ್ಲಿರುತ್ತಾನೆ. ದಂಡಕ್ಕಿಂತ ದೊಡ್ಡ ನಷ್ಟ ವಾರಂಟಿಯದು. ತಿದ್ದಿದ ಗುರುತು ಗಣಕದಲ್ಲಿ ಉಳಿಯುವುದುಂಟು. ಹಳೆಯ ಲೆಕ್ಕವನ್ನೇ ಮತ್ತೆ ತುಂಬಿಸಿದರೂ ಎಷ್ಟು ಸಲ ಬರೆಯಲಾಗಿದೆ ಎಂಬ ಎಣಿಕೆ ಹಲವು ಗಣಕಗಳಲ್ಲಿ ಇರುತ್ತದೆ. ಬಿತ್ತನೆಯ ವಾರದಲ್ಲಿ ಟರ್ಬೊ ಹೋದರೆ ಕಂಪನಿಯವರು ಕೈ ತೊಳೆದುಕೊಳ್ಳಲು ಅದೊಂದೇ ಸಾಕು. ಅಪಘಾತವಾದರೆ ವಿಮೆಯವರಿಗೂ ತಕರಾರು ತೆಗೆಯಲು ಆಸ್ಪದ ಸಿಗುತ್ತದೆ. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಇಷ್ಟು ಹೇಳಿದ ಮೇಲೆ ರೈತನ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಗಣಕ ತಿದ್ದಿ ಶಕ್ತಿ ಹೆಚ್ಚಿಸುವುದು ಬೇರೆ, ಕೆಟ್ಟ ಗಣಕವನ್ನು ರಿಪೇರಿ ಮಾಡಿಸಿಕೊಳ್ಳುವುದು ಬೇರೆ. ಹೊಸ ಗಾಡಿಯಲ್ಲಿ ಒಂದು ಸೆನ್ಸರ್ ಕೆಟ್ಟರೂ ಎಂಜಿನ್ನು ತಾನೇ ಶಕ್ತಿ ಇಳಿಸಿಕೊಂಡು ಕುಂಟುತ್ತದೆ. ದೋಷ ಓದುವ ಉಪಕರಣ ಊರಿನ ಮಿಸ್ತ್ರಿಯ ಕೈಯಲ್ಲಿಲ್ಲ. ಅಮೆರಿಕದ ರೈತರು ಇದೇ ವಿಷಯಕ್ಕೆ ಜಾನ್ ಡಿಯರ್ ಕಂಪನಿಯೊಡನೆ ವರ್ಷಗಟ್ಟಲೆ ಜಗ್ಗಾಡಿದರು. 2023ರ ಜನವರಿಯಲ್ಲಿ ಅಲ್ಲಿನ ರೈತ ಒಕ್ಕೂಟದೊಡನೆ ಕಂಪನಿ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಕೊಲರಾಡೊ ರಾಜ್ಯ ಕೃಷಿ ಯಂತ್ರ ರಿಪೇರಿಯ ಹಕ್ಕಿಗೆಂದೇ ಕಾಯಿದೆ ಮಾಡಿತು. 2025ರ ಜನವರಿಯಲ್ಲಿ ಅಲ್ಲಿನ ಕೇಂದ್ರ ವ್ಯಾಪಾರ ಆಯೋಗ ಕಂಪನಿಯ ಮೇಲೆ ದಾವೆ ಹೂಡಿತು. ನಮ್ಮ ರೈತ ಸಂಘಗಳೂ ಕೇಳಬೇಕಾದದ್ದು ಇದನ್ನೇ. ಬಿತ್ತನೆಯ ಕಾಲಕ್ಕೆ ಗಾಡಿ ನಿಂತರೆ ಡೀಲರನ ದಾರಿ ಕಾಯುತ್ತ ಕೂಡಬೇಕೆಂಬುದು ನ್ಯಾಯವಲ್ಲ. ದೋಷ ಓದುವ ಉಪಕರಣ ಊರ ಮಿಸ್ತ್ರಿಗೂ ದೊರೆಯಬೇಕು.

ಗಾಡಿಗೆ ಶಕ್ತಿ ಸಾಲದು ಎನಿಸಿದಾಗ ಮೊದಲು ಏರ್ ಕ್ಲೀನರನ್ನೂ ಡೀಸೆಲ್ ಫಿಲ್ಟರನ್ನೂ ನೋಡಿ. ರೋಟವೇಟರಿನ ಅಲಗು ಸವೆದಿದ್ದರೆ ಬದಲಿಸಿ. ಅದರ ಅಗಲ ನಿಮ್ಮ ಗಾಡಿಗೆ ಹೆಚ್ಚಾಯಿತೇ ಎಂದು ಪರೀಕ್ಷಿಸಿ. ವರ್ಷಕ್ಕೆ ನಾಲ್ಕು ದಿನದ ಭಾರಿ ಕೆಲಸಕ್ಕಾದರೆ ಕೃಷಿ ಯಂತ್ರಧಾರೆ ಕೇಂದ್ರದಿಂದ ದೊಡ್ಡ ಗಾಡಿಯನ್ನು ಬಾಡಿಗೆಗೆ ತರುವುದು ಅಗ್ಗ. ಹೊಸ ಗಾಡಿ ಕೊಳ್ಳುವವರು ಡೀಲರನ ಚೀಟಿಯ ಅಶ್ವಶಕ್ತಿಗಿಂತ ಮಧ್ಯಪ್ರದೇಶದ ಬುದ್ನಿ ಅಥವಾ ಅನಂತಪುರ ಜಿಲ್ಲೆಯ ಗಾರ್ಲದಿನ್ನೆ ಸಂಸ್ಥೆಗಳ ಪರೀಕ್ಷಾ ವರದಿಯನ್ನು ಕೇಳಬೇಕು. ಪಿ.ಟಿ.ಓ. ಶಕ್ತಿ ಎಷ್ಟು, ಎಳೆತ ಎಷ್ಟು, ಡೀಸೆಲ್ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ.

ಗಾಲಿ ಜಾರುವುದನ್ನು ನೀವೇ ಅಳೆಯಬಹುದು. ಹಿಂದಿನ ಗಾಲಿಗೆ ಸುಣ್ಣದ ಗುರುತು ಹಾಕಿ, ನೇಗಿಲನ್ನು ಎತ್ತಿಕೊಂಡು ಅದೇ ಹೊಲದಲ್ಲಿ ಹತ್ತು ಸುತ್ತು ಓಡಿಸಿ ದೂರ ಅಳೆಯಿರಿ. 42 ಮೀಟರು ಬಂದಿತೆನ್ನೋಣ. ನೇಗಿಲನ್ನು ಇಳಿಸಿ ಮತ್ತೆ ಹತ್ತು ಸುತ್ತು. 34 ಮೀಟರು ಬಂದರೆ ನೂರಕ್ಕೆ 19ರಷ್ಟು ಜಾರುತ್ತಿದೆ. ಗಾಲಿಗೆ ತಲುಪಿದ ಶಕ್ತಿಯಲ್ಲಿ ಐದನೆಯ ಒಂದು ಪಾಲು ಮಣ್ಣುಪಾಲು. 10ರಿಂದ 15ರೊಳಗೆ ಇದ್ದರೆ ಚಿಂತೆಯಿಲ್ಲ. ಮೀರಿದರೆ ಹಿಂದಿನ ಟೈರುಗಳಿಗೆ ಮುಕ್ಕಾಲು ಮಟ್ಟ ನೀರು ತುಂಬಿಸಿ, ಇಲ್ಲವೇ ಬೀಡಿನ ತೂಕ ಕಟ್ಟಿ, ಟೈರಿನ ಗಾಳಿಯನ್ನು ಕೈಪಿಡಿಯಲ್ಲಿ ಹೊಲದ ಕೆಲಸಕ್ಕೆಂದು ಹೇಳಿದಷ್ಟಕ್ಕೆ ಇಳಿಸಿ ಮತ್ತೆ ಅಳೆಯಿರಿ. ಭತ್ತದ ಕೆಸರಿಗೆ ಇಳಿಯುವ ಮುನ್ನ ಮಾತ್ರ ಆ ತೂಕವನ್ನು ತೆಗೆಯಬೇಕು, ಇಲ್ಲದಿದ್ದರೆ ಗಾಡಿ ಹೂತೀತು. ಅಲ್ಲಿ ಕೇಜ್ ವೀಲೇ ಸರಿ.