ಒಡೆದ ಕಾರನ್ನು ಒಲಿಗೆ ಹಾಕಬೇಡ್ರಿ

ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ಪ್ಲಾಸ್ಟಿಕ್ ಕೆಟ್ಟದ್ದು ಎಂಬ ಲೇಖನ ಬಂದಿತ್ತು. ಚಲೋ ಇತ್ತು. ಆದರೆ ಈಗಾಗಲೇ ಮನೆಯೊಳಗೆ ಬಂದು ಕುಂತಿರುವ ಪ್ಲಾಸ್ಟಿಕ್ಕನ್ನು ಏನು ಮಾಡಬೇಕು ಅಂತ ಅದರಲ್ಲಿ ಬರೆದಿರಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಮ್ಮ ಅಬ್ಬಾ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡ್ತಾರ. ವರ್ಷಕ್ಕೆ ಎರಡೇ ಸಲ ಊರಿಗೆ ಬರ್ತಾರ. ರಂಜಾನ್ ಹಬ್ಬಕ್ಕೆ ಬಂದಾಗ ನನ್ನ ತಮ್ಮನಿಗೆ ರಿಮೋಟ್ ಕಾರು ತಂದಿದ್ದರು. ಅವರು ಹೋದ ಮರುದಿನವೇ ಅದು ಕಟ್ಟಿ ಮೇಲಿಂದ ಫರಸಿ ಮೇಲೆ ಬಿತ್ತು. ಮೋಟರ್ ಚಲೋ ಇತ್ತು, ಗಾಲಿ ತಿರುಗುತ್ತಿದ್ದವು. ಬಾಡಿ ಮಾತ್ರ ಬಂಪರಿನಿಂದ ಬಾಗಿಲ ತನಕ ಸೀಳಿತು, ಮೇಲಿನ ಛಾವಣಿ ಚೂರು ಚೂರಾಯಿತು. ದಾದಿ "ಹೋಗಲಿ ಬಿಡು, ಒಲಿ ಹಚ್ಚಲಿಕ್ಕೆ ಬರ್ತದ" ಅಂದರು. ತಮ್ಮ ಕಾರನ್ನು ಅಂಗಿಯೊಳಗೆ ಇಟ್ಟುಕೊಂಡು ಮಲಗಿದ. ಫೋನಿನಲ್ಲಿ ಅಬ್ಬಾ "ಕಾರು ಓಡ್ತದೇನು?" ಅಂತ ಕೇಳಿದಾಗ ಇಬ್ಬರೂ "ಓಡ್ತದ" ಅಂದೆವು. ಅದು ಪೂರಾ ಸುಳ್ಳಲ್ಲ. ಬಾಡಿ ಇಲ್ಲದೆ ಓಡುತ್ತಿತ್ತು.

ಕಲಬುರಗಿಯ ಒಂದು ಅಂಗಡಿಯಲ್ಲಿ ಬಾಡಿ ಅಷ್ಟೇ ಕೊಡ್ರಿ ಅಂತ ಕೇಳಿದೆ. "ಬಿಡಿ ಬಾಡಿ ಸಿಗಂಗಿಲ್ಲ, ಹೊಸಾದು ತಗೋ" ಅಂದರು. ಇಲ್ಲೇ ನನ್ನ ತಕರಾರು. ಸೈಕಲ್ಲಿನ ಪೆಡಲ್ ಮುರಿದರೆ ಹೊಸ ಸೈಕಲ್ ತಗೋ ಅಂತ ಯಾರಾದರೂ ಅಂತಾರೇನು? ಜಪಾನಿನ ತಮಿಯಾ ಕಂಪನಿಯವರು 1976ರಲ್ಲಿ ತಮ್ಮ ಮೊದಲನೇ ರಿಮೋಟ್ ಕಾರು ಮಾಡಿದರು. ಅಂಥ ಕಾರುಗಳಿಗೆ ಬಾಡಿ ಬೇರೆಯಾಗಿಯೇ ಸಿಗುತ್ತದೆ. ಈಗ ಅಂಥ ಬಹಳ ಬಾಡಿಗಳು ಪಾಲಿಕಾರ್ಬೊನೇಟ್ ಎಂಬ ತೆಳು, ಗಾಜಿನಂಥ ಪ್ಲಾಸ್ಟಿಕ್ಕಿನವು. ಬಣ್ಣವನ್ನು ಒಳಗಿನಿಂದ ಹಚ್ಚುತ್ತಾರೆ, ಹೊರಗೆ ಕೆರೆದರೂ ಬಣ್ಣ ಹೋಗುವುದಿಲ್ಲ. ನಮ್ಮ ಜಾತ್ರೆಯ ಕಾರುಗಳು ಹಂಗಲ್ಲ. ಗಡುಸು ಪ್ಲಾಸ್ಟಿಕ್, ಬಗ್ಗುವುದಿಲ್ಲ, ಸೀಳುತ್ತದೆ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರಿಗೆ 2021ರಲ್ಲಿ ಅಡಿಗಲ್ಲು ಹಾಕ್ಯಾರ. ನಮ್ಮ ಕಡೆಯೇ ಆಟಿಕೆ ಮಾಡುವುದಾದರೆ ಬಾಡಿಯನ್ನೂ ಬಿಡಿಯಾಗಿ ಮಾರಲಿ.

ಮೋಮಿನಪುರದಲ್ಲಿ ನಮ್ಮ ಮಾಮು ಬೈಕಿನ ಡೂಮ್ ರಿಪೇರಿ ಮಾಡ್ತಾರ. ಅವರು ಕಾರು ನೋಡಿ ನಗಲಿಲ್ಲ. ಮೊದಲು ಸೀಳು ಎಲ್ಲಿ ಮುಗಿದದ, ಸರಿಯಾಗಿ ಅಲ್ಲಿ ಕಾಸಿದ ಸೂಜಿಯಿಂದ ಸಣ್ಣ ತೂತು ಹಾಕಿದರು. ತೂತು ಹಾಕಿದರೆ ಇನ್ನೂ ಒಡೀತದ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಸೀಳಿನ ತುದಿ ಚೂಪಾಗಿರುತ್ತದೆ, ಎಳೆತವೆಲ್ಲ ಅಲ್ಲೇ ಬಿದ್ದು ಸೀಳು ಮುಂದೆ ಹೋಗುತ್ತದೆ. ತುದಿಯನ್ನು ಗುಂಡಗೆ ಮಾಡಿದರೆ ಎಳೆತ ಹಂಚಿಹೋಗಿ ಸೀಳು ನಿಲ್ಲುತ್ತದೆ. ಆಮೇಲೆ ಒಳಮೈಯನ್ನು ಪಾಲಿಶ್ ಪೇಪರಿನಿಂದ ತಿಕ್ಕಿ, ಹಳೇ ಸೊಳ್ಳೆ ಪರದೆಯ ತುಂಡು ಇಟ್ಟು, ಫೆವಿಕ್ವಿಕ್ ಬಿಟ್ಟು, ಮೇಲೆ ಅಡುಗೆ ಸೋಡಾ ಉದುರಿಸಿದೆವು. ಕಣ್ಣು ಪಿಳುಕಿಸುವಷ್ಟರಲ್ಲಿ ಕಲ್ಲಾಯಿತು! ಆಗ ಬಿಸಿಯಾಗಿ ಹೊಗೆ ಬರುತ್ತದೆ, ಮುಖ ದೂರ ಇಡಬೇಕು. ದೊಡ್ಡವರು ಇಲ್ಲದಾಗ ಮಾಡಬೇಡ್ರಿ. ಎಲ್ಲಾ ಪ್ಲಾಸ್ಟಿಕ್ಕಿಗೂ ಇದು ಆಗಂಗಿಲ್ಲ. ನೀರಿನ ಕೊಡಕ್ಕೆ ಫೆವಿಕ್ವಿಕ್ ಹಿಡಿಯುವುದಿಲ್ಲ. ಅದಕ್ಕೇ ಊರಿಗೆ ಬರುವ ಕೊಡ ರಿಪೇರಿಯವರು ಕಬ್ಬಿಣ ಕಾಸಿ ಬೆಸೆಯುತ್ತಾರೆ.

ಛಾವಣಿಗೆ ನಾನೇ ಬುದ್ಧಿ ಓಡಿಸಿ ಎಣ್ಣಿ ಡಬ್ಬಿಯ ತಗಡು ಕತ್ತರಿಸಿ ಕೂಡಿಸಿದೆ. ನೋಡಲಿಕ್ಕೆ ಖರೇ ಜೀಪಿನಂತೆ ಕಾಣುತ್ತಿತ್ತು. ಆದರೆ ಕಾರು ನಾಲ್ಕು ಹೆಜ್ಜೆ ದೂರ ಹೋದರೆ ರಿಮೋಟಿನ ಮಾತೇ ಕೇಳಲಿಲ್ಲ, ತಿರುವಿನಲ್ಲಿ ಪಲ್ಟಿಯೂ ಹೊಡೆಯಿತು. ಮಾಮು ಆಗ ನಕ್ಕರು. ರಿಮೋಟಿನಿಂದ ಬರುವುದು ರೇಡಿಯೋ ಅಲೆ, ಏರಿಯಲ್ ತಂತಿ ತಗಡಿನ ಕೆಳಗೆ ಮುಚ್ಚಿಹೋದರೆ ಅಲೆ ಒಳಗೆ ಹೋಗುವುದಿಲ್ಲ. ಮೇಲೆ ಭಾರ ಹೆಚ್ಚಾಗಿದ್ದಕ್ಕೆ ಪಲ್ಟಿ. ತಗಡು ತೆಗೆದು ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ಹಾಕಿದೆ. ಅದಕ್ಕೂ ಅಂಟು ಹಿಡಿಯಲಿಲ್ಲ, ದಾರದಿಂದ ಹೊಲಿದೆ. ಈಗ ಅಂಗಳದ ಆ ತುದಿ ಮುಟ್ಟಿ ಬರ್ತದ.

ಕೆಲವು ಹಿರಿಯರು ಇದೆಲ್ಲ ಓದು ಬಿಟ್ಟು ಆಟ ಅಂತಾರ. ಆ ವಾರ ನಾನು ಗಣಿತದ ಮನೆಗೆಲಸ ಬರೆದಿರಲಿಲ್ಲ, ಅದು ನನ್ನ ತಪ್ಪೇ. ಆದರೆ ತೂತು ಹಾಕಿದರೆ ಸೀಳು ನಿಲ್ಲುತ್ತದೆ ಅನ್ನುವುದು ನನಗೆ ಯಾವ ಪಾಠದಲ್ಲೂ ಸಿಕ್ಕಿರಲಿಲ್ಲ. ವಿಜ್ಞಾನ ಪ್ರದರ್ಶನದಲ್ಲಿ ಥರ್ಮಾಕೋಲ್ ಮನಿ, ಜ್ವಾಲಾಮುಖಿ ಇಡುತ್ತೇವೆ. ರಿಪೇರಿ ಮಾಡಿದ ಸಾಮಾನಿಗೂ ಒಂದು ಬೆಂಚು ಕೊಡಬೇಕೆಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ಒಲಿ ಮಾತ್ರ ಬ್ಯಾಡ. ನಮ್ಮ ದಾದಿಗೆ ಮೊದಲೇ ದಮ್ಮು ಅದ, ಪ್ಲಾಸ್ಟಿಕ್ ಸುಟ್ಟ ದಿನ ರಾತ್ರಿಯೆಲ್ಲ ಕೆಮ್ಮುತ್ತಾರೆ. ಆದರೂ ಅವರೇ ಹಾಕ್ತಾರ, ಏನು ಮಾಡೋದು!

ನಿಮ್ಮ ಮನೆಯಲ್ಲಿ ಒಡೆದ ಕಾರು, ಚೂರು ಇದ್ದರೆ ಶನಿವಾರ ತರ್ರಿ. ಒಂದರ ಬಾಗಿಲು ಇನ್ನೊಂದಕ್ಕೆ ಕೂಡಬಹುದು. ಅಬ್ಬಾ ಬಕ್ರೀದಿಗೆ ಬರ್ತಾರ. ನಮ್ಮ ಕಾರಿನ ಬಲಗಡೆ ಬಾಗಿಲಿಗೆ ಬಣ್ಣ ಇನ್ನೂ ಹೊಂದಿಲ್ಲ. ಯಾರ ಮನೆಯಲ್ಲಾದರೂ ಕೆಂಪು ಆಯಿಲ್ ಪೇಂಟ್ ಉಳಿದಿದ್ದರೆ ಒಂದು ಮುಚ್ಚಳದಷ್ಟು ಕೊಡ್ರಿ.

– 7ನೇ ತರಗತಿ ವಿದ್ಯಾರ್ಥಿ