ಅಜ್ಜಿ ಕೇಳಿದ ಪಾಲು

ಮೊನ್ನೆ ಭಾನುವಾರ ರಾತ್ರಿ ಕ್ಯಾಲಿಫೋರ್ನಿಯದಿಂದ ಮೊಮ್ಮಗಳ ವಿಡಿಯೊ ಕರೆ. ಅಲ್ಲಿ ಇನ್ನೂ ಬೆಳಗ್ಗೆ, ಕನ್ನಡ ಕ್ಲಾಸಿಗೆ ಹೊರಟಿದ್ದಳು. ಮನೆಮಾತಿನ ಬಗ್ಗೆ ತಾತನನ್ನು ಕೇಳಿ ಐದು ವಾಕ್ಯ ಬರೆಯಬೇಕಂತೆ. "ತಾತ, ನೀನು ಚಿಕ್ಕವನಾಗಿದ್ದಾಗ ನಿಮ್ಮಮ್ಮನ ಜೊತೆ ಕನ್ನಡಾನೇ ಮಾತಾಡ್ತಿದ್ಯಾ?"

ಹೂಂ ಅನ್ನೋಕೆ ಬಾಯಿ ಬರಲಿಲ್ಲ.

ಮಕ್ಕಳೇ, ನಮ್ಮೂರು ನಿಡುಗಲ್ ಬೆಟ್ಟದ ಪಕ್ಕ, ಪಾವಗಡ ತಾಲ್ಲೂಕು. ಮಧುಗಿರಿಯಲ್ಲಿ ಬಸ್ಸು ಹತ್ತಿದರೆ ನಡುವೆ ಆಂಧ್ರದ ನೆಲ ದಾಟಿಯೇ ಪಾವಗಡ ಸೇರಬೇಕು. ಅಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನಮ್ಮನೆಯೂ ಹಾಗೇ. ಬ್ಯಾಂಕಿಗೆ ಸೇರಿದ ಮೇಲೆ ಕಡಲೆಕಾಯಿ ಸಾಲಕ್ಕೆ ಬಂದ ರೈತರೊಡನೆ ತೆಲುಗು, ಲೆಡ್ಜರಿನಲ್ಲಿ ಇಂಗ್ಲಿಷು, ಪಕ್ಕದ ಮೇಜಿನವರೊಡನೆ ಕನ್ನಡ. ಯಾವುದೂ ಭಾರ ಅನ್ನಿಸಿರಲಿಲ್ಲ.

ಆದರೂ ತುಮಕೂರಿಗೆ ವರ್ಗವಾದಾಗ, ಮಗನಿಗೆ ಎರಡೆರಡು ಭಾಷೆ ಬೇಡ, ಗೊಂದಲವಾಗುತ್ತೆ ಅಂತ ನಾನೇ ತೀರ್ಮಾನ ಮಾಡಿದೆ. 1991ರ ಜನಗಣತಿಯವರು ಬಂದಾಗ ಅಮ್ಮನದೂ ಸೇರಿಸಿ ಎಲ್ಲರ ಮಾತೃಭಾಷೆ ಕನ್ನಡ ಅಂತ ಬರೆಸಿದೆ. ಅಮ್ಮ ಅಡುಗೆಮನೆಯಲ್ಲಿ ನನ್ನೊಬ್ಬನ ಜೊತೆ ಮಾತ್ರ, ಅದೂ ಮೆಲ್ಲಗೆ, ತೆಲುಗು ಆಡುತ್ತಿದ್ದಳು.

ಕಡೆಗಾಲದಲ್ಲಿ ಅವಳಿಗೆ ಕನ್ನಡ ಮರೆತೇ ಹೋಯಿತು. ಒಂದು ಮಧ್ಯಾಹ್ನ ಮಗ ಬ್ಯಾಂಕಿಗೆ ಓಡಿ ಬಂದ. "ಅಪ್ಪಾ, ಅಜ್ಜಿ ಪಾಲು ಪಾಲು ಅಂತಿದಾರೆ. ಯಾವ ಜಮೀನಿನ ಪಾಲು?" ಕೌಂಟರಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕು, ಬರ್ತೀನಿ ಹೋಗು ಅಂದೆ. ಸಂಜೆ ನಾನು ಹಾಲು ಕಾಯಿಸುವ ಹೊತ್ತಿಗೆ ಅಮ್ಮ ಹಾಗೇ ನಿದ್ದೆ ಹೋಗಿದ್ದಳು.

ತೆಲುಗಿನಲ್ಲಿ ಪಾಲು ಅಂದರೆ ಹಾಲು. ಹಳಗನ್ನಡದಲ್ಲೂ ಅದು 'ಪಾಲ್'. ಹತ್ತನೇ ಶತಮಾನದ ಪಂಪನ ಕಾಲದಲ್ಲಿ ಹುಲಿ 'ಪುಲಿ', ಹೂ 'ಪೂ'. ಆಮೇಲೆ ಕನ್ನಡದಲ್ಲಿ ಪ ಹೋಗಿ ಹ ಬಂತು. ತೆಲುಗಿನಲ್ಲಿ ಪಾಲು, ಪುಲಿ, ಪುವ್ವು ಹಾಗೇ ಉಳಿದವು. ಅಂದರೆ ನಾನು ಬೇರೆ ಭಾಷೆ ಅಂತ ಹೊರಗಿಟ್ಟ ಮಾತು ಒಂದು ಕಾಲದಲ್ಲಿ ಕನ್ನಡದ ಮಾತೇ. ಬಿ.ಕಾಂ.ನಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ, ಬಿಡಿ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ಪರದೆಯಲ್ಲಿ ಅವಳ ಹಿಂದೆ ಮಗ ಬಂದು ನಿಂತಿದ್ದು ನೋಡಿರಲಿಲ್ಲ.

"ಅಪ್ಪಾ, ಅವತ್ತು ಅಜ್ಜಿ ಕೇಳಿದ್ದು ಹಾಲಾ?"

ಇಷ್ಟು ವರ್ಷವಾದರೂ ನಾನು ಅವನಿಗೆ ಹೇಳಿರಲೇ ಇಲ್ಲ.

ಈಗ ಭಾನುವಾರ ಕ್ಲಾಸಿಗೆ ಮುಂಚೆ ಹತ್ತು ನಿಮಿಷ ತೆಲುಗು. ಮೊಮ್ಮಗಳು ಬರೆದುಕೊಳ್ಳುವುದು ಕನ್ನಡ ಲಿಪಿಯಲ್ಲೇ. ಮಗನೂ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಕೂತಿರುತ್ತಾನೆ. ಉಚ್ಚಾರ ಅವಳದೇ ವಾಸಿ.